ಇಪ್ಪತ್ತೈದು ನಿಮಿಷ ಮುಂದಿದ್ದ ಮನೆ

ಕಂತು ಒಂಬತ್ತು

ರೈಲು ನಿಲ್ದಾಣದ ಗಡಿಯಾರ ನಾಲ್ಕು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಅದೇ ಫೋಟೋದ ಮಾಹಿತಿ ತೆರೆದು ನೋಡಿದರೆ ನಾಲ್ಕು ಮೂವತ್ತೈದು ಎಂದಿತ್ತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ದಿನಕ್ಕೆ ನಲವತ್ತು ರೈಲು ಹೊರಡಿಸುವ ಗಡಿಯಾರ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ.

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಮತ್ತೆ ಕೂತೆ. ಇದೇ ನಿಲ್ದಾಣದ ಇನ್ನೊಂದು ಫೋಟೋ ಹುಡುಕಿದೆ. ಅಲ್ಲಿ ಗಡಿಯಾರ ಒಂಬತ್ತು ಐದು, ಮಾಹಿತಿ ಒಂಬತ್ತೂವರೆ. ಮತ್ತೊಂದು ತೆರೆದೆ, ಇನ್ನೊಂದು ತೆರೆದೆ. ಒಟ್ಟು ಏಳು ಫೋಟೋ, ಏಳರಲ್ಲೂ ಇಪ್ಪತ್ತೈದು ನಿಮಿಷದ ವ್ಯತ್ಯಾಸ. ನನ್ನ ಬಲಗಾಲು ಮೇಜಿನ ಕೆಳಗೆ ತಾನೇ ತಾನಾಗಿ ಕುಣಿಯತೊಡಗಿತು.

ಐದು ದಿನದಿಂದ ಈ ಮನೆಯ ಮಹಡಿ ಕೋಣೆಯಲ್ಲಿ ಕೂತು ಗಡಿಯಾರದ ತಾತನ ಕಂಪ್ಯೂಟರಿನಲ್ಲಿರುವ ಫೋಟೋಗಳನ್ನು ಜೋಡಿಸುತ್ತಿದ್ದೇನೆ. ನಾನು ನಿಜವಾಗಿ ಬಂದದ್ದು, ಆ ತಾತನನ್ನು ಮೆಟ್ಟಿಲಿನಿಂದ ತಳ್ಳಿದಳೆಂದು ಹತ್ತೊಂಬತ್ತು ದಿನದಿಂದ ಒಳಗಿರುವ ನನ್ನ ತಂಗಿಯನ್ನು ಹೊರಗೆ ತರುವುದಕ್ಕೆ.

ತಾತನನ್ನು ನೋಡಿಕೊಳ್ಳುವ ಕೆಲಸ ಅವಳದು. ಆ ಮಂಗಳವಾರ ಹತ್ತು ಐವತ್ತಕ್ಕೆ ಔಷಧಿ ಅಂಗಡಿಗೆ ಹೋದೆ, ಹನ್ನೊಂದೂವರೆಗೆ ವಾಪಸು ಬಂದೆ, ಬಂದಾಗ ತಾತ ಬಿದ್ದಿದ್ದರು ಎನ್ನುತ್ತಾಳೆ. ಅಂಗಡಿಯ ರಸೀದಿಯಲ್ಲಿ ಹನ್ನೊಂದು ಐದು ಎಂದಿದೆ. ಪಕ್ಕದ ಮನೆಯ ಟೈಲರ್ ರೇಡಿಯೋದಲ್ಲಿ ಹನ್ನೊಂದೂಕಾಲಿನ ವಾರ್ತೆ ಶುರುವಾದಾಗ ದಬ್ ಎಂಬ ಸದ್ದು ಕೇಳಿದ್ದಾನೆ. ಎಲ್ಲ ಸರಿಯಾಗಿಯೇ ಇತ್ತು, ಆ ಹಾಳು ಫೋಟೋ ಒಂದು ಬಿಟ್ಟು.

3118ನೇ ಫೋಟೋ. ತಾತ ಹಜಾರದ ಗಾಜಿನ ಕಪಾಟಿನ ಫೋಟೋ ತೆಗೆದಿದ್ದರು. ಗಾಜಿನಲ್ಲಿ ನನ್ನ ತಂಗಿ, ನೀಲಿ ಕೋಟು ಹಾಕಿಕೊಂಡು ಸೌಟು ಹಿಡಿದು ನಿಂತಿದ್ದಾಳೆ. ಸಮಯ ಹನ್ನೊಂದು ಹನ್ನೆರಡು. "ಅಂಗಡಿಯಲ್ಲಿದ್ದೆ ಅಂದವಳು ಮನೆಗೆ ಹೇಗಮ್ಮ ಬಂದೆ? ರಸೀದಿ ಯಾರ ಕೈಯಲ್ಲಿ ತರಿಸಿಕೊಂಡೆ?" ಎಂದು ಪೊಲೀಸರು ಕೇಳಿದರು. ಹನ್ನೊಂದೂವರೆಗೇ ಬಂದದ್ದು ಎಂದು ಅವಳು ಅದನ್ನೇ ಮತ್ತೆ ಹೇಳಿದಳು. ನಾಳೆ ಹತ್ತೂವರೆಗೆ ಅವಳನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ.

ಈಗ ಆ ಹನ್ನೊಂದು ಹನ್ನೆರಡರಲ್ಲಿ ಇಪ್ಪತ್ತೈದು ಕಳೆಯಿರಿ. ನಾನು ಬೆರಳು ಮಡಚಿ ಎಣಿಸಿದೆ. ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಮಂಕು, ಅದಕ್ಕೇ ಎರಡು ಸಲ ಎಣಿಸಿದೆ. ಹತ್ತು ನಲವತ್ತೇಳು. ತಂಗಿ ಅಂಗಡಿಗೆ ಹೊರಡುವುದಕ್ಕೂ ಮೂರು ನಿಮಿಷ ಮುಂಚೆ.

ನಾನು ದಡಬಡ ಕೆಳಗಿಳಿದೆ.

ಟೀಚರಮ್ಮ ಹಜಾರದಲ್ಲಿ ನಿಂತೇ ಪತ್ರಿಕೆ ನೋಡುತ್ತಿದ್ದರು. ಟೀಚರಮ್ಮ ಎಂದರೆ ತಾತನ ಹಿರಿಮಗಳು, ಎರಡು ಬೀದಿ ಆಚೆಯ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಾರೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೂ ಮಾತಾಡದೆ ಮಲಗಿರುವ ಅಪ್ಪನಿಗೆ ಹಳೆಯ ಫೋಟೋ ತೋರಿಸಿ ಎಂದು ಡಾಕ್ಟರು ಹೇಳಿದ್ದರಿಂದ ನನ್ನನ್ನು ಕರೆಸಿದವರು ಇವರೇ. ಬೆಳಿಗ್ಗೆ ಎಲ್ಲಿಗೋ ಹೋಗಿ ಬಂದಿದ್ದರು. ಬಂದು ಒಂದು ಗಂಟೆಯಾಗಿದ್ದರೂ ಹೆಗಲಿನ ಚೀಲ ತೆಗೆದಿರಲಿಲ್ಲ.

"ಟೀಚರಮ್ಮ, ಈ ಮನೆ ಗಡಿಯಾರಗಳೆಲ್ಲ ಸರಿಯಾಗಿ ನಡೀತಾವಾ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

ಅವರಿಗೆ ನಗು ಬಂತು. "ನಡೆಯೋದೇನೋ ಚೆನ್ನಾಗೇ ನಡೀತಾವೆ. ಆದ್ರೆ ಇಪ್ಪತ್ತೈದು ನಿಮಿಷ ಮುಂದೆ. ನಿಮಗೆ ಯಾರೂ ಹೇಳಲಿಲ್ವಾ?"

"ಅಯ್ಯೋ, ಯಾಕೆ ಹಾಗೆ?"

"ನನ್ನ ತಮ್ಮನಿಂದ. ಸ್ಕೂಲಿಗೆ ದಿನಾ ಲೇಟು. ಅಪ್ಪ ಐದು ನಿಮಿಷ ಮುಂದೆ ತಿರುಗಿಸಿಟ್ರು. ಒಂದು ತಿಂಗಳಲ್ಲಿ ಇವನಿಗೆ ಗೊತ್ತಾಗಿ, ಐದು ನಿಮಿಷ ಇನ್ನೂ ಇದೆ ಅಂತ ಮಲಗಿದ. ಅಪ್ಪ ಇನ್ನೈದು ತಿರುಗಿಸಿದ್ರು. ಇವನು ಹತ್ತು ನಿಮಿಷ ಮಲಗಿದ. ಕಾಲೇಜು ಮುಗಿಯೋ ಹೊತ್ತಿಗೆ ಇಪ್ಪತ್ತೈದಕ್ಕೆ ಬಂದು ನಿಂತಿತ್ತು. ಅಪ್ಪಂದೂ ಹಟ, ಇವಂದೂ ಹಟ. ನಮಗೆಲ್ಲ ಅಭ್ಯಾಸ ಆಗಿಹೋಯ್ತು. ಮುಳ್ಳು ನೋಡ್ತಾನೇ ಮನಸ್ಸಲ್ಲೇ ಇಪ್ಪತ್ತೈದು ಕಳೆದುಬಿಡ್ತೀವಿ."

"ಕ್ಯಾಮೆರಾಗೂ ಅದೇ ಟೈಮ್ ಇಟ್ಟಿದ್ರಾ?"

ಕೇಳಬಾರದಿತ್ತು. ನನ್ನ ನಾಲಿಗೆ ನನ್ನ ಮಾತು ಕೇಳಿದ್ದು ಯಾವಾಗ? ಟೀಚರಮ್ಮನ ನಗು ಅರ್ಧಕ್ಕೆ ನಿಂತಿತು. "ಇಟ್ಟಿರಬಹುದು. ಗೋಡೆ ಗಡಿಯಾರ ನೋಡ್ಕೊಂಡೇ ಎಲ್ಲಾನೂ ಇಡ್ತಿದ್ರು," ಎಂದವರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಅಡುಗೆಮನೆಗೆ ಹೋದರು.

ಐವತ್ತು ವರ್ಷ ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ, ನಿಲ್ದಾಣದ ಗಡಿಯಾರಕ್ಕೂ ತಾನೇ ಎಣ್ಣೆ ಹಾಕಿದ ಮನುಷ್ಯ, ತನ್ನ ಮನೆಯಲ್ಲಿ ಮಾತ್ರ ಒಂದೂ ಸರಿಯಾದ ಗಡಿಯಾರ ಇಟ್ಟುಕೊಂಡಿರಲಿಲ್ಲ! ಗೋಡೆ ನೋಡಿದಾಗ ಇಪ್ಪತ್ತೈದು ಕಳೆಯುವ ಈ ಜನ, ಫೋಟೋ ನೋಡಿದಾಗ ಕಳೆಯುವುದನ್ನು ಮರೆತಿದ್ದರು. ಆ ಮರೆವಿಗೆ ನನ್ನ ತಂಗಿ ಹತ್ತೊಂಬತ್ತು ದಿನ ಕಬ್ಬಿಣದ ಸರಳು ಎಣಿಸಿದ್ದಳು. ನನಗೆ ನಗಬೇಕೋ ಯಾರಿಗಾದರೂ ಎರಡು ಬಾರಿಸಬೇಕೋ ತಿಳಿಯಲಿಲ್ಲ.

ಮೇಲೆ ಬಂದು ಬಾಲ್ಕನಿಯಿಂದ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. "ಸಾರ್, ತಕ್ಷಣ ಬನ್ನಿ. 3118ರ ಟೈಮ್ ತಪ್ಪು. ಕಂಪ್ಯೂಟರಲ್ಲೇ ತೋರಿಸ್ತೀನಿ." ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರು. ಫೋನಿಟ್ಟ ಮೇಲೆ ಬಾಲ್ಕನಿಯಲ್ಲಿ ಒಂದು ಸುತ್ತು ಹಾಕಿದೆ. ಖುಷಿಗೆ ಕೈಕಾಲು ನಿಂತಲ್ಲಿ ನಿಲ್ಲಲಿಲ್ಲ.

ಆ ಅರ್ಧ ಗಂಟೆ ಸುಮ್ಮನೆ ಕೂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನನಗೆ ಸುಮ್ಮನೆ ಕೂರಲು ಬಂದಿದ್ದರೆ ತಾನೆ.

ಇನ್ಸ್‌ಪೆಕ್ಟರಿಗೆ ತೋರಿಸಲು ಅಚ್ಚುಕಟ್ಟಾಗಿರಲಿ ಎಂದು ಕೊನೆಯ ಫೋಲ್ಡರ್ ತೆರೆದೆ. ತಾತ ಫೋಲ್ಡರುಗಳಿಗೆ ವರ್ಷದ ಹೆಸರು ಇಡುತ್ತಿರಲಿಲ್ಲ. ಆಗ ಮೇಜಿನ ಮೇಲೆ ರಿಪೇರಿಗೆ ಯಾವ ಗಡಿಯಾರ ಇತ್ತೋ ಅದರ ಹೆಸರು. "ಡಾಕ್ಟರ ಅಲಾರಂ", "ಮೂರು ಮುಳ್ಳಿನದು", "ಮತ್ತೆ ಡಾಕ್ಟರ ಅಲಾರಂ". ಕೊನೆಯದರ ಹೆಸರು "ಲೋಲಕ ಮುರಿದದ್ದು". ಅದರಲ್ಲಿ 3118 ಇತ್ತು, ಅದರ ಪಕ್ಕ 3120. ಘಟನೆಯ ಮರುದಿನ ಟೀಚರಮ್ಮ ಪೊಲೀಸರಿಗೆಂದು ಅದೇ ಕ್ಯಾಮೆರಾದಲ್ಲಿ ತೆಗೆದ ಖಾಲಿ ಮೆಟ್ಟಿಲಿನ ನಾಲ್ಕೈದು ಫೋಟೋಗಳಲ್ಲಿ ಮೊದಲನೆಯದು ಅದು.

3119 ಎಲ್ಲಿ?

ಐದು ದಿನ 3118ನ್ನೇ ದಿಟ್ಟಿಸಿ ದಿಟ್ಟಿಸಿ ಪಕ್ಕದ ಖಾಲಿ ಜಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಾತ ಏನನ್ನೂ ಅಳಿಸುವವರಲ್ಲ. ಬೆರಳು ಅಡ್ಡ ಬಂದು ಹಾಳಾದ ಇನ್ನೂರ ಆರು ಫೋಟೋಗಳನ್ನೂ "ನನ್ನ ಬೆರಳು" ಎಂಬ ಫೋಲ್ಡರಿನಲ್ಲಿ ಜೋಪಾನ ಮಾಡಿದ್ದಾರೆ. ಅಂಥವರ ಸಂಗ್ರಹದಲ್ಲಿ ಒಂದು ಸಂಖ್ಯೆ ಇಲ್ಲವೆಂದರೆ, ಅದನ್ನು ತೆಗೆದ ಕೈ ಬೇರೆಯದು.

ಅಳಿಸಿದವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದಾಗ ಪ್ರತಿ ಫೋಟೋದ್ದೂ ಒಂದು ಪುಟಾಣಿ ನಕಲು ತಯಾರಾಗಿ, ಕಾಣದ ಮೂಲೆಯಲ್ಲಿ ಕೂರುತ್ತದೆ. ದೊಡ್ಡದನ್ನು ಅಳಿಸಿದರೂ ಪುಟಾಣಿ ಎಷ್ಟೋ ಸಲ ಅಲ್ಲೇ ಉಳಿಯುತ್ತದೆ. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದು, ಸ್ಟುಡಿಯೋ ಮುಚ್ಚಿದ ಮೇಲೆ ಮನೆಮನೆಯ ಕಂಪ್ಯೂಟರ್ ತಿರುವಿ ಹಾಕುವ ನನ್ನಂಥವಳಿಗೆ ಆ ಮೂಲೆ ಹುಡುಕುವುದು ಹತ್ತು ನಿಮಿಷದ ಕೆಲಸ.

ಸಿಕ್ಕಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರ.

ತಾತ ಮೆಟ್ಟಿಲಿನ ತುದಿಯಲ್ಲಿ ನಿಂತು ಕೆಳಕ್ಕೆ ಕ್ಯಾಮೆರಾ ಹಿಡಿದಿದ್ದರು. ಕೆಳಗೆ ಬಾಗಿಲು ತೆರೆದಿತ್ತು. ಮೊದಲ ಮೆಟ್ಟಿಲಿನ ಮೇಲೆ ನೀಲಿ ಕೋಟಿನ ಹೆಂಗಸು, ಕೈಯಲ್ಲಿ ಔಷಧಿ ಅಂಗಡಿಯ ಹಸಿರು ಚೀಲ. ಗೋಡೆಯ ಮೇಲೆ ಲೋಲಕದ ಗಡಿಯಾರ, ರಿಪೇರಿಗೆ ಬಂದದ್ದಲ್ಲ, ಮನೆಯದೇ. ಅದರ ಉದ್ದ ಮುಳ್ಳು ಏಳನ್ನು ದಾಟಿ ಎಂಟರ ಹತ್ತಿರ ಹೋಗಿತ್ತು. ಹನ್ನೊಂದು ಮೂವತ್ತೆಂಟು.

ಇಪ್ಪತ್ತೈದು ಕಳೆದೆ. ಹನ್ನೊಂದು ಹದಿಮೂರು.

ದಬ್ ಎಂದು ಸದ್ದಾಗುವುದಕ್ಕೆ ಎರಡು ನಿಮಿಷ ಮುಂಚೆ ನನ್ನ ತಂಗಿ ಔಷಧಿ ಹಿಡಿದು ಮನೆಯೊಳಗಿದ್ದಳು. ಹನ್ನೊಂದೂವರೆಗೆ ಬಂದೆ ಎಂದು ನನಗೂ ಸುಳ್ಳು ಹೇಳಿದ್ದಳು. ಅವಳನ್ನು ಬಿಡಿಸಲು ನಾನು ಕಂಡುಹಿಡಿದ ಅದೇ ಇಪ್ಪತ್ತೈದು ನಿಮಿಷ ಅವಳನ್ನು ಮೆಟ್ಟಿಲಿಗೆ ತಂದು ನಿಲ್ಲಿಸಿತ್ತು. ಇನ್ಸ್‌ಪೆಕ್ಟರನ್ನು ಕರೆದದ್ದೂ ನಾನೇ.

"ಅದು ಎಲ್ಲಿ ಸಿಕ್ತು ನಿಮಗೆ?"

ಬಾಗಿಲಲ್ಲಿ ಹಲ್ಲಿನ ಡಾಕ್ಟರ್ ನಿಂತಿದ್ದರು. ತಾತನ ಕಿರಿಮಗ, ಗಡಿಯಾರಗಳನ್ನೆಲ್ಲ ಮುಂದಕ್ಕೆ ಓಡಿಸಿದ ಮಹಾನುಭಾವ. ಕ್ಲಿನಿಕ್ಕಿನ ಬಿಳಿ ಚಪ್ಪಲಿಯಲ್ಲೇ ಬಂದಿದ್ದರು. ಒಳಗೆ ಬಂದು ಬಾಗಿಲು ಹಾಕಿದರು.

"ಕಂಪ್ಯೂಟರಿನ ಕಸದ ಬುಟ್ಟೀನೂ ಖಾಲಿ ಮಾಡಿದ್ದೆ ನಾನು," ಎಂದರು. ಮುಚ್ಚಿಡುವ ಯತ್ನವನ್ನೂ ಮಾಡಲಿಲ್ಲ.

"ದೊಡ್ಡದನ್ನ ಅಳಿಸಿದ್ರಿ. ಪುಟಾಣಿ ಉಳ್ಕೊಂಡಿದೆ."

"ಅವತ್ತು ಸಂಜೆ ಕಂಪ್ಯೂಟರಿಗೆ ಹಾಕಿ ನೋಡಿದ್ದೂ ನಾನೇ. ಆಗಲೇ ಕ್ಯಾಮೆರಾದಲ್ಲೂ ಅಳಿಸಿದ್ದೆ."

"ಯಾಕೆ? ಯಾರಿಗೋಸ್ಕರ?"

ಅವರು ನನ್ನ ಮುಖವನ್ನೇ ನೋಡಿದರು. "ನಿಮ್ಮ ತಂಗಿಗೋಸ್ಕರ."

ನನ್ನ ಕಾಲು ಕುಣಿಯುವುದು ನಿಂತಿತು. "ನಿಮಗೆ ಹೇಗೆ..."

"ಬಂದ ದಿನಾನೇ ಗೊತ್ತಾಯ್ತು. ನೀವು ಬಾಯಿ ಬಿಟ್ಟು ನಕ್ರಿ ನೋಡಿ, ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು. ಅವಳಿಗೂ ಅದೇ ಸಂದು, ಅದೇ ಅಳತೆ. ನಾನು ದಿನಾ ನೋಡೋದು ಅದನ್ನೇ ಅಲ್ವಾ?"

ಹೆಸರು ಬದಲಿಸಿ, ಕೂದಲು ಕತ್ತರಿಸಿ, ಕನ್ನಡಕ ಹಾಕಿ ಬಂದಿದ್ದೆ. ಹಲ್ಲನ್ನು ಮನೆಯಲ್ಲಿ ಬಿಟ್ಟು ಬರಲು ಆಗುತ್ತದೆಯೇ!

"ಅಪ್ಪನ್ನ ನಮ್ಮಿಬ್ಬರಿಗಿಂತ ಚೆನ್ನಾಗಿ ನೋಡ್ಕೊಂಡಿದ್ದು ಅವಳು," ಡಾಕ್ಟರ್ ಮೇಜಿನ ಅಂಚು ಹಿಡಿದುಕೊಂಡರು. "ಅವಳು ತಳ್ಳಿದ್ಲು ಅಂತ ನಾನು ನಂಬಲ್ಲ. ಆದ್ರೆ ಈ ಫೋಟೋ ನೋಡಿದವರು ಬೇರೆ ಏನನ್ನೂ ನಂಬಲ್ಲ. ಅದಕ್ಕೇ ಅಳಿಸ್ದೆ. ಮರುದಿನ ಅಕ್ಕ 3118 ಹುಡುಕಿ ಪೊಲೀಸರಿಗೆ ಕೊಟ್ಟುಬಿಟ್ಲು."

"ಕೊಟ್ಟಾಗ ಬಾಯಲ್ಲಿ ಏನಿಟ್ಕೊಂಡಿದ್ರಿ? ಕ್ಯಾಮೆರಾ ಇಪ್ಪತ್ತೈದು ನಿಮಿಷ ಮುಂದಿದೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ಕ್ಯಾಮೆರಾ ಬಿಚ್ಚಿ ನೋಡ್ತಿದ್ರು. ಅಳಿಸಿದ್ದೂ ಹೊರಗೆ ಬರ್ತಿತ್ತು. ಆಮೇಲೆ ಅವಳಿಗೂ ಕಷ್ಟ, ನನಗೂ..."

"ಆ, ಅದು ಹೇಳಿ! ನಿಮಗೂ!" ನಾನು ಎದ್ದು ನಿಂತೆ. ದನಿ ಏರಿದ್ದು ಗೊತ್ತಿದ್ದರೂ ಇಳಿಸಲಿಲ್ಲ. "ಹತ್ತೊಂಬತ್ತು ದಿನ, ಸ್ವಾಮಿ. ಬೇರೆಯವರ ಹಾಸಿಗೆ ಸರಿಮಾಡೋದ್ರಲ್ಲೇ ಬದುಕು ಕಳೆದವಳು ನೆಲದ ಮೇಲೆ ಮಲಗಿದ್ದಾಳೆ. ನೀವು ಅವಳಿಗೆ ಉಪಕಾರ ಮಾಡ್ತಾ ಇಲ್ಲಿ ಬಾಯಿ ಮುಚ್ಕೊಂಡು ಕೂತಿದ್ರಿ!"

ಅವರು ತಲೆ ತಗ್ಗಿಸಿದರು. ಹೊಡೆಸಿಕೊಂಡ ಮಗುವಿನಂತೆ ಕಂಡರು. ನನಗೆ ಕನಿಕರ ಬರಲಿಲ್ಲ.

"ಇನ್ಸ್‌ಪೆಕ್ಟರ್ ಬರ್ತಾ ಇದಾರೆ," ಎಂದೆ.

ಅವರು ತಲೆಯೆತ್ತಿದರು. "ಯಾರು ಕರೆದಿದ್ದು?"

"ನಾನೇ. ಇದು ಸಿಗೋಕೆ ಮುಂಚೆ."

"ಹಾಗಾದ್ರೆ ಅಳಿಸಿಬಿಡಿ!" ಅವರ ಕೈ ಮೌಸಿನತ್ತ ಬಂತು. ನಾನು ತಡೆದೆ. "3118 ಒಂದೇ ತೋರಿಸಿ. ಗಡಿಯಾರದ ಕಥೆ ಹೇಳಿ. ನಾನೂ ಸಾಕ್ಷಿ ಹೇಳ್ತೀನಿ. ನಾಳೆನೇ ಅವಳು ಮನೆಗೆ ಬರ್ತಾಳೆ. ಈ ಪುಟಾಣಿಯಿಂದ ಯಾರಿಗೇನು ಲಾಭ, ಹೇಳಿ?"

ಸತ್ಯ ಹೇಳುತ್ತೇನೆ, ನನಗೂ ಆಸೆಯಾಯಿತು. ಒಂದು ಬೆರಳು ಒತ್ತಿದರೆ ಮುಗಿಯಿತು. ನಾಳೆ ಮಧ್ಯಾಹ್ನ ಅವಳು ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಮೋಟು ಕೂದಲು ನೋಡಿ ನಗುತ್ತಾಳೆ. ನನಗೆ ಬೇಕಾದದ್ದು ಅಷ್ಟೇ ತಾನೆ? ಮೌಸಿನ ಬಾಣವನ್ನು ಚಿತ್ರದ ಮೇಲೆ ತಂದೆ. "ಅಳಿಸಬೇಕೇ?" ಎಂದು ಕಂಪ್ಯೂಟರ್ ಕೇಳಿತು.

ಕೊನೆಯದಾಗಿ ಒಂದು ಸಲ ಅವಳ ಮುಖ ನೋಡೋಣ ಎಂದು ಚಿತ್ರದ ಹತ್ತಿರಕ್ಕೆ ಬಗ್ಗಿದೆ. ಆಗ ಅವಳ ಇನ್ನೊಂದು ಕೈ ಕಂಡಿತು. ಅದು ಮೇಲಕ್ಕೆ ಎದ್ದಿತ್ತು, ಅಂಗೈ ಎದುರಿಗೆ, ಬೆರಳೆಲ್ಲ ಬಿಚ್ಚಿ. ಮನೆಗೆ ಬಂದವರು ಹಾಗೆ ಕೈ ಎತ್ತುವುದಿಲ್ಲ. ಬೇಡ, ನಿಲ್ಲು ಎನ್ನುವಾಗ ಎತ್ತುತ್ತಾರೆ.

ಯಾರಿಗೆ ಬೇಡ ಅನ್ನುತ್ತಿದ್ದಾಳೆ? ಫೋಟೋ ತೆಗೆಯುವ ತಾತನಿಗೇ?

ಸ್ಟುಡಿಯೋದಲ್ಲಿ ನಮ್ಮ ಯಜಮಾನರು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಿದ್ದ ಒಂದು ಪಾಠವಿತ್ತು. ಫೋಟೋದಲ್ಲಿ ಗಾಜು ಇದ್ದರೆ ಮೊದಲು ಗಾಜು ನೋಡು, ಕ್ಯಾಮೆರಾ ಹಿಡಿದವನು ಅಲ್ಲಿರುತ್ತಾನೆ. ನಾನು ಲೋಲಕದ ಗಡಿಯಾರದ ಗಾಜು ನೋಡಿದೆ. ಫ್ಲಾಶಿನ ಬಿಳಿ ಚುಕ್ಕೆ. ಅದರ ಹಿಂದೆ ಬಾಗಿದ ಒಂದು ನೆರಳು, ಅದು ತಾತ. ಆ ನೆರಳಿನ ಹಿಂದೆ, ಅದಕ್ಕಿಂತ ಎತ್ತರಕ್ಕೆ, ಇನ್ನೊಂದು ನೆರಳು.

"ಡಾಕ್ಟ್ರೇ," ಗಡಿಯಾರದ ಗಾಜಿನ ಮೇಲೆ ಬೆರಳಿಟ್ಟೆ. "ಇಲ್ಲಿ ನೋಡಿ. ನಿಮ್ಮ ತಂದೆ ಹಿಂದೆ ಯಾರದು?"

ಅವರು ಬಗ್ಗಿದರು. ತುಂಬ ಹೊತ್ತು ನೋಡಿದರು.

"ಯಾರೂ ಇರಲಿಲ್ಲ ಮನೇಲಿ. ನಾನು ಕ್ಲಿನಿಕ್ಕಲ್ಲಿದ್ದೆ, ಕುರ್ಚೀಲಿ ರೋಗಿ ಇದ್ರು. ಅಕ್ಕ ಸ್ಕೂಲಲ್ಲಿದ್ಲು."

"ಇದು ನಿಮಗೆ ಮುಂಚೆ ಕಾಣಲಿಲ್ವಾ?"

"ನಾನು ಅವಳೊಬ್ಬಳನ್ನೇ ನೋಡಿದ್ದು. ನೋಡಿದೆ, ಅಳಿಸ್ದೆ." ಅವರು ಕಣ್ಣುಜ್ಜಿಕೊಂಡರು. "ಗಂಡಸೋ ಹೆಂಗಸೋ ಗೊತ್ತಾಗಲ್ಲ ಇದರಲ್ಲಿ."

"ಪುಟಾಣೀಲಿ ಗೊತ್ತಾಗಲ್ಲ. ದೊಡ್ಡದರಲ್ಲಿ ಗೊತ್ತಾಗುತ್ತೆ. ಕ್ಯಾಮೆರಾ ಕಾರ್ಡಿನಿಂದ ಅಳಿಸಿದ್ದನ್ನ ವಾಪಸು ತೆಗೀಬಹುದು. ಆಮೇಲೆ ಅಕ್ಕ ತೆಗೆದದ್ದು ನಾಲ್ಕೈದು ಫೋಟೋ ಅಷ್ಟೇ, ಅದರ ಮೇಲೆ ಬರೆದಿರದಿದ್ರೆ ಸಾಕು. ಕ್ಯಾಮೆರಾ ಎಲ್ಲಿ?"

"ಪೊಲೀಸ್ ಠಾಣೇಲಿ. ಭದ್ರವಾಗಿದೆ."

ಕರೆಗಂಟೆ ಮೊಳಗಿತು. ಕೆಳಗೆ ಬಾಗಿಲು ತೆರೆದ ಸದ್ದು. ಟೀಚರಮ್ಮನ ದನಿ, "ಬನ್ನಿ ಸಾರ್, ಮೇಲಿದ್ದಾರೆ. ಟೀ ತರ್ತೀನಿ." ಬೂಟುಗಳು ಮೆಟ್ಟಿಲು ಹತ್ತತೊಡಗಿದವು.

"ಯೋಚನೆ ಮಾಡಿ," ಡಾಕ್ಟರ್ ಪಿಸುಗುಟ್ಟಿದರು. "ಆ ನೆರಳು ಯಾರು ಅಂತ ಗೊತ್ತಾಗದಿದ್ರೆ, ಈ ಫೋಟೋದಲ್ಲಿ ಮುಖ ಇರೋದು ನಿಮ್ಮ ತಂಗೀದು ಮಾತ್ರ."

ಅದು ನನಗೆ ಗೊತ್ತಿರಲಿಲ್ಲವೇ? "ಅಳಿಸಬೇಕೇ?" ಎಂಬ ಪ್ರಶ್ನೆ ಇನ್ನೂ ಪರದೆಯ ಮೇಲೆ ಕೂತಿತ್ತು. ನಾನು ಬೇಡ ಎಂದು ಒತ್ತಿದೆ. ಅವಳು ಕೈಯೆತ್ತಿ ಯಾರನ್ನೋ ತಡೆದಿದ್ದಾಳೆ, ಆಮೇಲೆ ಯಾರಿಗೋ ಹೆದರಿ ನನಗೂ ಸುಳ್ಳು ಹೇಳಿದ್ದಾಳೆ. ಆ ಕೈಯನ್ನು ಅಳಿಸಿ ಅವಳನ್ನು ಮನೆಗೆ ಕರೆದುಕೊಂಡು ಬಂದರೆ, ತಳ್ಳಿದವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಎಲ್ಲವನ್ನೂ ಕಂಡ ಇವಳನ್ನು ಅವರು ಸುಮ್ಮನೆ ಬಿಡುತ್ತಾರೆಯೇ?

ಇನ್ಸ್‌ಪೆಕ್ಟರ್ ಏದುಸಿರು ಬಿಡುತ್ತಾ ಒಳಗೆ ಬಂದರು. "ಏನಮ್ಮಾ, ಒಂದು ಫೋಟೋ ಅಂದ್ರಿ. ಎಲ್ಲಿ?"

"ಎರಡಿದೆ ಸಾರ್," ಎಂದೆ. "ಒಂದು ನನ್ನ ತಂಗಿ ಪರ, ಇನ್ನೊಂದು ಅವಳ ವಿರುದ್ಧ. ಎರಡನ್ನೂ ನೋಡಿ."

"ತಂಗಿ?" ಎಂದರು ಅವರು. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅವರು ನನ್ನನ್ನೂ ಡಾಕ್ಟರನ್ನೂ ಬದಲಿಸಿ ಬದಲಿಸಿ ನೋಡಿದರು.

"ಬೈಯೋದಿದ್ರೆ ಆಮೇಲೆ ಬೈಯಿರಿ. ಮೊದಲು ಠಾಣೆಗೆ ಫೋನ್ ಮಾಡಿ, ತಾತನ ಕ್ಯಾಮೆರಾ ಯಾರೂ ಮುಟ್ಟಬಾರದು ಅಂತ ಹೇಳಿ. ಅದರ ಕಾರ್ಡು ಬೇಕು ನನಗೆ."

ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು.

"ಏನ್ರೀ ತಮಾಷೆ ಮಾಡ್ತೀರಾ? ಫೋಟೋ ಜೋಡಿಸೋರಿಗೆ ಬೇಕಂತೆ, ನೀವೇ ಕೇಳಿ ಕಳಿಸಿದ್ದೀರಿ ಅಂತ ಹೇಳಿ, ಬೆಳಿಗ್ಗೆ ಟೀಚರಮ್ಮನೇ ಬಂದು ಸಹಿ ಹಾಕಿ ತಗೊಂಡು ಹೋದ್ರಲ್ಲ!"

ಡಾಕ್ಟರ್ ಕುರ್ಚಿಯಲ್ಲಿ ಕುಸಿದು ಕೂತರು. "ಅಕ್ಕ ಸ್ಕೂಲಲ್ಲಿದ್ಲು," ಎಂದು ಮತ್ತೆ ಹೇಳಿದರು, ಈ ಸಲ ಯಾರಿಗೂ ಅಲ್ಲ.

ಮೆಟ್ಟಿಲಿನಲ್ಲಿ ಕಪ್ಪುಗಳ ಸದ್ದು ಹತ್ತಿರ ಬಂತು. ಟೀಚರಮ್ಮ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ನಾಲ್ಕು ಕಪ್ ಟೀ ತಂದಿದ್ದರು. ಮುಖದಲ್ಲಿ ನಗುವಿತ್ತು.

ಬೆಳಿಗ್ಗೆಯಿಂದ ಹೆಗಲು ಬಿಟ್ಟು ಇಳಿಯದಿದ್ದ ಚೀಲ ಈಗ ಅವರ ಹೆಗಲಿನಲ್ಲಿ ಇರಲಿಲ್ಲ.